ಅಲಿಯ ನಂತರ ಬಂದವನು

1978ರ ಜೂನ್‌ನಿಂದ 1985ರ ಸೆಪ್ಟೆಂಬರ್‌ವರೆಗೆ, ಏಳು ವರ್ಷಕ್ಕೂ ಮಿಕ್ಕಿ, ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಲ್ಯಾರಿ ಹೋಮ್ಸ್‌ನನ್ನು ಸೋಲಿಸುವವರು ಯಾರೂ ಇರಲಿಲ್ಲ. ಆ ಅವಧಿಯಲ್ಲಿ ಅವನು ತನ್ನ ಪಟ್ಟವನ್ನು 20 ಬಾರಿ ಉಳಿಸಿಕೊಂಡ. ಅವನಿಗಿಂತ ಮುಂಚೆ ಇದಕ್ಕಿಂತ ಹೆಚ್ಚು ಬಾರಿ ಹೆವಿವೇಟ್ ಪಟ್ಟ ಉಳಿಸಿಕೊಂಡಿದ್ದವನು ಜೋ ಲೂಯಿ ಒಬ್ಬನೇ, 25 ಬಾರಿ. ಆದರೂ ಬಾಕ್ಸಿಂಗ್ ಬಗ್ಗೆ ಅಷ್ಟಿಷ್ಟು ತಿಳಿದವರನ್ನು ಕೇಳಿ ನೋಡಿ. ಮುಹಮ್ಮದ್ ಅಲಿ ಗೊತ್ತು, ಮೈಕ್ ಟೈಸನ್ ಗೊತ್ತು. ಇವರಿಬ್ಬರ ನಡುವೆ ಯಾರಿದ್ದರು ಎಂದರೆ ಹೆಚ್ಚಿನವರು ತಡವರಿಸುತ್ತಾರೆ.

ಕಾಲ ಕಳೆದಂತೆ ಹೆಸರುಗಳು ಮಾಸುವುದು ಸಹಜ ಎಂದು ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಹೋಮ್ಸ್ ಗೆಲ್ಲುತ್ತಿದ್ದ ದಿನಗಳಲ್ಲೇ ಅಮೆರಿಕದ ಜನ ಅವನನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಚಾಂಪಿಯನ್ನರನ್ನು ನಾವು ಅವರ ಕಸುಬಿಗಿಂತ ಅವರ ಸುತ್ತ ಹೆಣೆದ ಕಥೆಯಿಂದಲೇ ಹೆಚ್ಚು ಅಳೆಯುತ್ತೇವೆ. ಬೇರೆ ಆಟಗಳಲ್ಲಿ ಈ ಅಭ್ಯಾಸದಿಂದ ಆಗುವ ನಷ್ಟ ಸಣ್ಣದು. ಒಬ್ಬ ಒಳ್ಳೆಯ ಆಟಗಾರನಿಗೆ ಸಲ್ಲಬೇಕಾದ ಮನ್ನಣೆ ತಪ್ಪಿಹೋಗಬಹುದು. ಬಾಕ್ಸಿಂಗ್‌ನಲ್ಲಿ ಈ ಅಭ್ಯಾಸದ ಬೆಲೆಯನ್ನು ಮನುಷ್ಯನ ಮೆದುಳು ತೆರುತ್ತದೆ. ಹೋಮ್ಸ್‌ನನ್ನು ಕಡೆಗಣಿಸಿದ ಮನೋಭಾವ ಮತ್ತು 38 ವರ್ಷದ ಅಲಿಯನ್ನು ಮತ್ತೆ ರಿಂಗಿಗೆ ಇಳಿಸಿದ ಮನೋಭಾವ ಒಂದೇ ಎಂಬುದು ನನ್ನ ವಾದ. ಆದ್ದರಿಂದ ಹೋಮ್ಸ್‌ನ ವೃತ್ತಿಜೀವನವನ್ನು ಸರಿಯಾಗಿ ಓದಿಕೊಳ್ಳುವುದು ಅವನೊಬ್ಬನಿಗೆ ನ್ಯಾಯ ಕೊಡುವ ಕೆಲಸಕ್ಕಿಂತ ದೊಡ್ಡದು.

ಹೋಮ್ಸ್ ಹುಟ್ಟಿದ್ದು 1949ರ ನವೆಂಬರ್ 3ರಂದು, ಜಾರ್ಜಿಯಾ ರಾಜ್ಯದ ಕತ್‌ಬರ್ಟ್ ಎಂಬ ಸಣ್ಣ ಊರಿನಲ್ಲಿ. ಪಾಲಿಗೆ ಹೊಲ ಮಾಡುತ್ತಿದ್ದ ಕಪ್ಪು ಕುಟುಂಬ, ಹನ್ನೆರಡು ಮಕ್ಕಳು. ಕುಟುಂಬ ಮುಂದೆ ಪೆನ್ಸಿಲ್ವೇನಿಯಾದ ಈಸ್ಟನ್‌ಗೆ ವಲಸೆ ಬಂತು. ಅಪ್ಪ ಕೆಲಸ ಹುಡುಕಿಕೊಂಡು ಕನೆಕ್ಟಿಕಟ್‌ಗೆ ಹೋದ. ಅಮ್ಮ ಸರ್ಕಾರದ ನೆರವಿನ ಹಣದಲ್ಲಿ ಮಕ್ಕಳನ್ನು ಸಾಕಿದಳು. ಏಳನೇ ತರಗತಿಗೆ ಶಾಲೆ ಬಿಟ್ಟ ಹುಡುಗ ಗಂಟೆಗೆ ಒಂದು ಡಾಲರ್ ಕೂಲಿಗೆ ಕಾರು ತೊಳೆದ, ಆಮೇಲೆ ಲಾರಿ ಓಡಿಸಿದ, ಕಲ್ಲುಗಣಿಯಲ್ಲಿ ದುಡಿದ. 1972ರ ಒಲಿಂಪಿಕ್ ಆಯ್ಕೆ ಪಂದ್ಯದಲ್ಲಿ ಡ್ವೇನ್ ಬಾಬಿಕ್ ಎದುರು ಪದೇ ಪದೇ ತಬ್ಬಿ ಹಿಡಿದನೆಂದು ರೆಫರಿ ಅವನನ್ನು ಅನರ್ಹಗೊಳಿಸಿದರು. ಈ ಹುಡುಗನಿಗೆ ಎದೆಗಾರಿಕೆ ಇಲ್ಲ ಎಂಬ ಮಾತು ಅಲ್ಲಿಂದಲೇ ಬೆನ್ನು ಹತ್ತಿತು. ಮರುವರ್ಷ ಮಾರ್ಚ್‌ನಲ್ಲಿ ಸ್ಕ್ರ್ಯಾಂಟನ್‌ನಲ್ಲಿ ನಾಲ್ಕು ಸುತ್ತಿನ ಮೊದಲ ವೃತ್ತಿಪರ ಪಂದ್ಯ ಆಡಿದಾಗ ಕೈಗೆ ಬಂದದ್ದು 63 ಡಾಲರ್ ಎಂದು ಅವನೇ ಹೇಳಿಕೊಂಡಿದ್ದಾನೆ.

ಒಲಿಂಪಿಕ್ ಪದಕ ಇಲ್ಲದ, ದೊಡ್ಡವರ ಬೆಂಬಲ ಇಲ್ಲದ ಬಾಕ್ಸರ್‌ಗೆ ಹೊಟ್ಟೆಪಾಡಿಗಿದ್ದ ದಾರಿ ಸ್ಪಾರಿಂಗ್: ದೊಡ್ಡ ಬಾಕ್ಸರ್‌ಗಳ ತಯಾರಿಗೆ ಎದುರಾಳಿಯಾಗಿ ನಿಂತು ದಿನಗೂಲಿಗೆ ಏಟು ತಿನ್ನುವ ಕೆಲಸ. ಹೋಮ್ಸ್ ಅಲಿಯ ಜೊತೆ, ಜೋ ಫ್ರೇಜರ್ ಜೊತೆ, ಅರ್ನಿ ಶೇವರ್ಸ್ ಜೊತೆ ಆ ಕೆಲಸ ಮಾಡಿದ. ಪೆನ್ಸಿಲ್ವೇನಿಯಾದ ಡೀರ್ ಲೇಕ್‌ನಲ್ಲಿದ್ದ ಅಲಿಯ ಶಿಬಿರದಲ್ಲಿ ಒಮ್ಮೆ ಅಲಿಯ ಗುದ್ದಿಗೆ ಕಣ್ಣು ಊದಿಕೊಂಡಾಗ ಹೋಮ್ಸ್ ಮಂಜುಗಡ್ಡೆ ಬೇಡ ಎಂದನಂತೆ. ಅಲಿ ಕೊಟ್ಟ ಆ ಗುರುತನ್ನು ಊರಿನವರಿಗೆ ತೋರಿಸಬೇಕಿತ್ತು. ಆ ಹುಡುಗನಿಗೆ ಅಲಿ ಎಂದರೆ ಅಷ್ಟು ಪ್ರೀತಿ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಲಿ ಮತ್ತು ಫ್ರೇಜರ್ ಒಬ್ಬರನ್ನೊಬ್ಬರು ಸಾವಿನ ಅಂಚಿಗೆ ತಳ್ಳಿದ ಪಂದ್ಯವನ್ನು ಜಗತ್ತು ಇಂದಿಗೂ ನೆನೆಯುತ್ತದೆ. ಅದಕ್ಕೂ ಮುನ್ನ ಅದೇ ರಿಂಗಿನಲ್ಲಿ ಒಬ್ಬ ತರುಣ ಡ್ವೇನ್ ಬಾಬಿಕ್‌ನ ತಮ್ಮ ರಾಡ್ನಿಯನ್ನು ಆರನೇ ಸುತ್ತಿನಲ್ಲಿ ಸೋಲಿಸಿದ್ದ. ಆ ತರುಣ ಹೋಮ್ಸ್.

ಈ ವರ್ಷಗಳಲ್ಲಿ ಅವನು ಸಂಪಾದಿಸಿದ್ದು ಒಂದು ಗುದ್ದು. ಜ್ಯಾಬ್ ಎಂದರೆ ಮುಂದಿರುವ ಎಡಗೈಯನ್ನು ನೇರ ಚಾಚಿ ಹೊಡೆಯುವ ಏಟು. ಬಾಕ್ಸಿಂಗ್ ಕಲಿಯಲು ಬಂದ ಹುಡುಗನಿಗೆ ಮೊದಲ ದಿನವೇ ಹೇಳಿಕೊಡುವುದು ಇದನ್ನೇ, ಮತ್ತು ಹೆಚ್ಚಿನವರು ಬೇಗ ಬೇಸತ್ತು ಬಿಡುವುದೂ ಇದನ್ನೇ. ಹೋಮ್ಸ್ ಇದನ್ನು ಬಿಡಲಿಲ್ಲ. ಎಡಗಾಲು ಅರ್ಧ ಹೆಜ್ಜೆ ಮುಂದಕ್ಕೆ ಜಾರುತ್ತಿತ್ತು. ಹಿಂದಿನ ಕಾಲು ನೆಲವನ್ನು ಒತ್ತುತ್ತಿತ್ತು. ಭುಜ ಮೇಲೆದ್ದು ಗಲ್ಲವನ್ನು ಮರೆಮಾಡುತ್ತಿತ್ತು. ತಾಗುವ ಕ್ಷಣದಲ್ಲಿ ಮುಷ್ಟಿ ಒಳಮುಖವಾಗಿ ತಿರುಚಿಕೊಳ್ಳುತ್ತಿತ್ತು. ಆಮೇಲೆ ಕೈ ಕೆಳಗಿಳಿಯದೆ, ಹೋದ ದಾರಿಯಲ್ಲೇ, ಮಗ್ಗದ ಲಾಳಿಯಂತೆ ಹಿಂದಿರುಗುತ್ತಿತ್ತು. ಎರಡೂ ಕೈ ಚಾಚಿದರೆ ತುದಿಯಿಂದ ತುದಿಗೆ 81 ಅಂಗುಲ ಅಳತೆಯ ಆ ದೇಹದಿಂದ ಬರುವ ಜ್ಯಾಬ್ ಏಕಕಾಲಕ್ಕೆ ಹಲವು ಕೆಲಸ ಮಾಡುತ್ತಿತ್ತು. ಅದು ಎದುರಾಳಿಯ ದೂರವನ್ನು ಅಳೆಯುತ್ತಿತ್ತು, ಅವನ ಕಣ್ಣಿಗೆ ಅಡ್ಡ ಬರುತ್ತಿತ್ತು, ಅವನು ಹೆಜ್ಜೆ ಊರುವ ಮೊದಲೇ ಲಯ ಕೆಡಿಸುತ್ತಿತ್ತು. ಅದರ ಬೆನ್ನಿಗೇ ಬಲಗೈ ಬರುತ್ತಿತ್ತು. ಹೆವಿವೇಟ್ ಇತಿಹಾಸದ ಅತ್ಯುತ್ತಮ ಜ್ಯಾಬ್ ಯಾರದೆಂಬ ಚರ್ಚೆ ಎಲ್ಲಿ ನಡೆದರೂ ಇವನ ಹೆಸರು ಬಾರದೆ ಇರುವುದಿಲ್ಲ. ಆದರೆ ಜ್ಯಾಬ್ ಅನ್ನು ನೋಡಿ ಸವಿಯಲು ಕಣ್ಣು ಪಳಗಿರಬೇಕು. ನಾಕೌಟ್ ನೋಡಲು ಆ ಪಳಗುವಿಕೆ ಬೇಕಿಲ್ಲ.

ಪಟ್ಟ ಬಂದದ್ದು 1978ರ ಜೂನ್ 9ರಂದು, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ, ಕೆನ್ ನಾರ್ಟನ್ ಎದುರು. ಪಂದ್ಯಕ್ಕೆ ಕೆಲವೇ ದಿನ ಮುಂಚೆ ಹೋಮ್ಸ್‌ನ ಎಡತೋಳಿನ ಸ್ನಾಯು ಹರಿದಿತ್ತು. ಯಾವ ಕೈಯ ಮೇಲೆ ಅವನ ಇಡೀ ವಿದ್ಯೆ ನಿಂತಿತ್ತೋ ಅದೇ ಕೈ. ಹದಿನಾಲ್ಕು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಇಬ್ಬರೂ ಸರಿಸಮ. ಹದಿನೈದನೇ ಸುತ್ತಿನ ಮೂರು ನಿಮಿಷದಲ್ಲಿ ದಣಿದ ಇಬ್ಬರೂ ರಕ್ಷಣೆಯನ್ನು ಮರೆತು ರಿಂಗಿನ ನಡುವೆ ನಿಂತು ಹೊಡೆದಾಡಿದರು. ಇಬ್ಬರು ತೀರ್ಪುಗಾರರು ಹೋಮ್ಸ್‌ಗೆ, ಒಬ್ಬರು ನಾರ್ಟನ್‌ಗೆ ಅಂಕ ಕೊಟ್ಟರು. ಮೂವರಲ್ಲೂ ಅಂತರ ಒಂದೇ ಅಂಕ. ಎದೆಗಾರಿಕೆ ಇಲ್ಲ ಎಂಬ ಹಳೆಯ ದೂರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ. ಆದರೂ ಬಂದದ್ದು ಅರ್ಧ ಮನ್ನಣೆ. ಅಲಿಯನ್ನು ಸೋಲಿಸಿದ್ದ ಲಿಯಾನ್ ಸ್ಪಿಂಕ್ಸ್‌ನಿಂದ ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ತನ್ನ ಪಟ್ಟವನ್ನು ಕಿತ್ತು ನಾರ್ಟನ್‌ಗೆ ಕೊಟ್ಟಿತ್ತು. ಹೋಮ್ಸ್ ಗೆದ್ದದ್ದು ಆ ಪಟ್ಟ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲಿ ಸ್ಪಿಂಕ್ಸ್‌ನನ್ನು ಸೋಲಿಸಿ, ಮುಂದೆ ನಿವೃತ್ತಿ ಘೋಷಿಸಿದ. ಜನರ ಮನಸ್ಸಿನಲ್ಲಿ ಪಟ್ಟ ಅಲಿಯ ಮನೆಯಲ್ಲೇ ಉಳಿದಿತ್ತು.

ಮರುವರ್ಷ ಸೆಪ್ಟೆಂಬರ್ 28ರಂದು ಅರ್ನಿ ಶೇವರ್ಸ್ ಎದುರಿನ ಏಳನೇ ಸುತ್ತಿನಲ್ಲಿ ಹೋಮ್ಸ್ ಒಂದು ಬಲಗೈ ಗುದ್ದಿಗೆ ನೆಲಕ್ಕೆ ಬಿದ್ದ. ಆ ಕಾಲದ ಅತಿ ಭಾರಿ ಗುದ್ದು ಶೇವರ್ಸ್‌ನದು ಎಂದು ಅದನ್ನು ತಿಂದವರೆಲ್ಲ ಒಪ್ಪುತ್ತಿದ್ದರು. ಅಂಥ ಏಟು ತಿಂದು ಎಣಿಕೆ ಮುಗಿಯುವ ಮೊದಲೇ ಎದ್ದ ಹೋಮ್ಸ್, ಹನ್ನೊಂದನೇ ಸುತ್ತಿನಲ್ಲಿ ಪಂದ್ಯವನ್ನು ಗೆದ್ದ. ಮೊದಲ ಎಂಟು ಸವಾಲುಗಾರರಲ್ಲಿ ಒಬ್ಬನೂ ಅವನೆದುರು ಪೂರ್ತಿ ಅವಧಿ ನಿಲ್ಲಲಿಲ್ಲ. ಆ ಎಂಟನೆಯವನು ಮುಹಮ್ಮದ್ ಅಲಿ.

ಆ ಪಂದ್ಯ ಹೇಗೆ ಏರ್ಪಟ್ಟಿತು ಎಂಬುದನ್ನು ನೋಡಬೇಕು. 1977ರಲ್ಲಿ ಶೇವರ್ಸ್ ಜೊತೆಗಿನ ಪಂದ್ಯದ ನಂತರ ಅಲಿಯ ವೈದ್ಯ ಫರ್ಡಿ ಪಚೇಕೊ, ಅಲಿಯ ಮೂತ್ರಪಿಂಡಗಳಿಗೆ ಹಾನಿಯಾಗಿದೆ, ಇನ್ನು ಆಡಬಾರದು ಎಂದು ಎಚ್ಚರಿಸಿ, ಮಾತು ನಡೆಯದಿದ್ದಾಗ ತಂಡವನ್ನೇ ಬಿಟ್ಟ. 1980ರ ಆರಂಭದಲ್ಲಿ ಅಲಿ ಮದ್ರಾಸಿಗೂ ಬಂದಿದ್ದ. ನೆಹರೂ ಕ್ರೀಡಾಂಗಣದಲ್ಲಿ ಹಳೆಯ ಗೆಳೆಯ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ. ನಮ್ಮ ಜನ ಅಂದು ನೋಡಿದ್ದು ಬಾಕ್ಸಿಂಗ್ ಮುಗಿಸಿ, ದೇಶ ಸುತ್ತುತ್ತ ಜನರ ಪ್ರೀತಿ ಉಣ್ಣುತ್ತಿದ್ದ ಅಲಿಯನ್ನು. ಅವನು ಹಾಗೇ ಉಳಿಯಬಹುದಿತ್ತು. ಆದರೆ ಅಲಿ ಮರಳಿ ಬಂದು ನಾಲ್ಕನೇ ಬಾರಿ ಪಟ್ಟ ಗೆಲ್ಲುವ ಕಥೆಗೆ ಇದ್ದ ಬೆಲೆ ದೊಡ್ಡದು. ಅಲಿಗೆ 80 ಲಕ್ಷ ಡಾಲರ್‌ನ ಒಪ್ಪಂದವಾಯಿತು. ಜುಲೈನಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ಪರೀಕ್ಷೆ ನಡೆಯಿತು. ಒಂಟಿ ಕಾಲಲ್ಲಿ ಕುಪ್ಪಳಿಸುವಾಗ ಇರಬೇಕಾದ ಚುರುಕಿಲ್ಲ, ಬೆರಳನ್ನು ಮೂಗಿಗೆ ಮುಟ್ಟಿಸುವ ಪರೀಕ್ಷೆಯಲ್ಲಿ ಗುರಿ ಕೊಂಚ ತಪ್ಪುತ್ತದೆ ಎಂಬ ಟಿಪ್ಪಣಿ ವರದಿಯಲ್ಲೇ ಇತ್ತು. ಆಡಬಾರದು ಎನ್ನುವಂಥದ್ದೇನೂ ಇಲ್ಲ ಎಂಬ ತೀರ್ಮಾನವೂ ಇತ್ತು. ನೆವಾಡ ರಾಜ್ಯ ಪರವಾನಗಿ ಕೊಟ್ಟಿತು. ತೂಕ ಇಳಿಸಲು ಅಲಿ ಥೈರಾಯ್ಡ್ ಮಾತ್ರೆ ನುಂಗಿದ. ಕನ್ನಡಿಯಲ್ಲಿ ಹಳೆಯ ಅಲಿಯೇ ಕಾಣಿಸಿದ. ಮಾತ್ರೆ ಕೊಬ್ಬಿನ ಜೊತೆ ಕಸುವನ್ನೂ ಕರಗಿಸಿತ್ತು.

1980ರ ಅಕ್ಟೋಬರ್ 2ರ ರಾತ್ರಿ, ಸೀಸರ್ಸ್ ಪ್ಯಾಲೇಸ್‌ನ ವಾಹನ ನಿಲ್ದಾಣದಲ್ಲಿ ಕಟ್ಟಿದ ತಾತ್ಕಾಲಿಕ ಕ್ರೀಡಾಂಗಣದಲ್ಲಿ 24 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮೂವರು ತೀರ್ಪುಗಾರರೂ ಪ್ರತಿಯೊಂದು ಸುತ್ತನ್ನು ಹೋಮ್ಸ್‌ಗೇ ಕೊಟ್ಟರು. ಅಲಿಯ ಕೈ ಏಳುತ್ತಿರಲಿಲ್ಲ. ತಾನು ಯಾರನ್ನು ಹೊಡೆಯುತ್ತಿದ್ದೇನೆ ಎಂಬುದು ಹೋಮ್ಸ್‌ಗೆ ಪ್ರತಿ ಜ್ಯಾಬ್‌ನಲ್ಲೂ ಗೊತ್ತಾಗುತ್ತಿತ್ತು. ಪೂರ್ತಿ ಬಲ ಹಾಕಿ ಹೊಡೆಯಲು ಮನಸ್ಸು ಬರಲಿಲ್ಲ ಎಂದು ಆಮೇಲೆ ಹೇಳಿದ. ಹತ್ತನೇ ಸುತ್ತು ಮುಗಿದಾಗ ತರಬೇತುದಾರ ಆಂಜೆಲೊ ಡಂಡಿ ಪಂದ್ಯ ನಿಲ್ಲಿಸಲು ಹೊರಟ. ಸಹಾಯಕ ಬಂಡಿನಿ ಬ್ರೌನ್ ಅವನ ಅಂಗಿ ಹಿಡಿದೆಳೆದು ಇನ್ನೊಂದೇ ಸುತ್ತು ಎಂದು ಅಂಗಲಾಚಿದ. ಇಲ್ಲಿ ಮುಖ್ಯಸ್ಥ ನಾನು ಎಂದು ಡಂಡಿ ಕೂಗಿ ಪಂದ್ಯ ಮುಗಿಸಿದ. ಅಲಿ ತನ್ನ ವೃತ್ತಿಜೀವನದಲ್ಲಿ ಅವಧಿ ಮುಗಿಯುವ ಮುಂಚೆ ಸೋತದ್ದು ಅದೊಂದೇ ಸಲ. ಗೆದ್ದ ಹೋಮ್ಸ್ ಅತ್ತ. ಆಮೇಲೆ ಅಲಿಯ ಹೋಟೆಲ್ ಕೋಣೆಗೆ ಹೋಗಿ, ನಿನ್ನ ಮೇಲೆ ನನಗಿರುವ ಪ್ರೀತಿ ಹಾಗೇ ಇದೆ ಎಂದು ಹೇಳಿಬಂದ. ಅಲಿಗೆ ಬರಬೇಕಿದ್ದ ಹಣದಲ್ಲಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚನ್ನು ಪ್ರಮೋಟರ್ ಡಾನ್ ಕಿಂಗ್ ಕಡಿತ ಮಾಡಿದ. ಅಲಿ ಹೂಡಿದ ದಾವೆ ಕೊನೆಗೆ 50 ಸಾವಿರ ಡಾಲರ್‌ಗೆ ರಾಜಿಯಾಯಿತು. ಅಷ್ಟಾದರೂ ಅಲಿ ನಿಲ್ಲಿಸಲಿಲ್ಲ. 1981ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು ಇನ್ನೊಂದು ಸೋಲು. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಪತ್ತೆಯಾದವು.

ಆ ಅಕ್ಟೋಬರ್ ರಾತ್ರಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಡಾನ್ ಕಿಂಗ್‌ನ ದುರಾಸೆಗೆ ಬೊಟ್ಟು ಮಾಡುತ್ತಾರೆ. ಅದು ತಪ್ಪಲ್ಲ, ಆದರೆ ಸಾಲದು. ಪ್ರಮೋಟರ್ ಮಾರುವುದು ಕೊಳ್ಳುವವರು ಇದ್ದಾಗ ಮಾತ್ರ. ಟಿಕೆಟ್ ಕೊಂಡ 24 ಸಾವಿರ ಜನ, ಚಿತ್ರಮಂದಿರಗಳಲ್ಲಿ ನೇರಪ್ರಸಾರದ ಪರದೆಯ ಮುಂದೆ ಕುಳಿತವರು ಯಾರೂ ಕ್ರೂರಿಗಳಲ್ಲ, ಅಲಿಯನ್ನು ಪ್ರೀತಿಸಿದವರು. ಆ ಪ್ರೀತಿಯೇ ಪಂದ್ಯಕ್ಕೆ ಬಂಡವಾಳವಾಯಿತು. ಬಾಕ್ಸಿಂಗ್‌ನ ಲೆಕ್ಕವನ್ನು ಅವರು ಕಸುಬಿನ ಕಣ್ಣಿನಿಂದ ನೋಡಿದ್ದರೆ, ಎರಡು ವರ್ಷ ಪೈಪೋಟಿಯ ಪಂದ್ಯ ಆಡದ 38 ವರ್ಷದವನನ್ನು ಆ ಕಾಲದ ಅತ್ಯುತ್ತಮ ಜ್ಯಾಬ್‌ನ ಮುಂದೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ತಿಳಿಯುತ್ತಿತ್ತು. ಅಲಿಯನ್ನು ಉಳಿಸಬಹುದಾಗಿದ್ದ ತಿಳಿವಳಿಕೆ ಅದು. ಹೋಮ್ಸ್ ಎಷ್ಟು ಒಳ್ಳೆಯ ಬಾಕ್ಸರ್ ಎಂಬುದನ್ನು ಸರಿಯಾಗಿ ಅರಿತಿದ್ದವರು ಆ ಪಂದ್ಯ ಬೇಡ ಎನ್ನುತ್ತಿದ್ದರು. ಹೋಮ್ಸ್‌ನನ್ನು ಕಡಿಮೆ ಅಂದಾಜಿಸಿದ್ದೇ ಅಲಿಗೆ ಮುಳುವಾಯಿತು.

ಗೆದ್ದ ಹೋಮ್ಸ್‌ಗೆ ಸಿಕ್ಕಿದ್ದು ಎಲ್ಲರ ಅಲಿಯನ್ನು ಹೊಡೆದವನು ಎಂಬ ಹಗೆ. ಎರಡು ವರ್ಷದ ನಂತರ ಇನ್ನೊಂದು ಕಥೆಯಲ್ಲಿ ಅವನಿಗೆ ಖಳನ ಪಾತ್ರ ಕೊಟ್ಟರು. 1982ರ ಜೂನ್ 11ರ ಎದುರಾಳಿ ಜೆರ್ರಿ ಕೂನಿ ಬಿಳಿಯ. ದಶಕಗಳ ನಂತರ ಹೆವಿವೇಟ್ ಪಟ್ಟವನ್ನು ಬಿಳಿಯರಿಗೆ ಮರಳಿ ತರುವವನು ಎಂದು ಪಂದ್ಯವನ್ನು ಮಾರಿದರು. ಟೈಮ್ ಪತ್ರಿಕೆಯ ಮುಖಪುಟದಲ್ಲಿ ರಾಕಿ ಚಿತ್ರಗಳ ನಟ ಸ್ಟಲೋನ್ ಜೊತೆ ಕೂನಿಯ ಚಿತ್ರ ಬಂತು. ಚಾಂಪಿಯನ್ ಹೋಮ್ಸ್‌ಗೆ ಅಲ್ಲಿ ಜಾಗವಿರಲಿಲ್ಲ. ಗೆದ್ದರೆ ಅಭಿನಂದಿಸಲೆಂದು ಅಧ್ಯಕ್ಷ ರೇಗನ್ ಕೂನಿಯ ಕೋಣೆಗೆ ಫೋನ್ ಸಂಪರ್ಕ ಹಾಕಿಸಿದ್ದರು, ಹೋಮ್ಸ್ ಕೋಣೆಗೆ ಹಾಕಿಸಿರಲಿಲ್ಲ ಎಂದು ವರದಿಯಾಯಿತು. ಬೆದರಿಕೆಗಳಿದ್ದುದರಿಂದ ಸುತ್ತಲಿನ ಕಟ್ಟಡಗಳ ಮೇಲೆ ಬಂದೂಕುಧಾರಿ ಪೊಲೀಸರು ಕಾವಲಿದ್ದರು. ರಿಂಗಿನಲ್ಲಿ ಚಾಂಪಿಯನ್‌ನನ್ನು ಕೊನೆಗೆ ಪರಿಚಯಿಸುವುದು ರೂಢಿ. ಅಂದು ಹೋಮ್ಸ್‌ನನ್ನು ಮೊದಲು ಪರಿಚಯಿಸಿದರು. ಪಟ್ಟ ಕೈಯಲ್ಲಿದ್ದವನನ್ನು ಸವಾಲುಗಾರನಂತೆ ನಿಲ್ಲಿಸಿದ ಆ ಅವಮಾನದ ನಡುವೆ ಹೋಮ್ಸ್ ಮಾಡಿದ್ದು ತನಗೆ ಗೊತ್ತಿದ್ದ ಕೆಲಸವನ್ನೇ: ಜ್ಯಾಬ್. ಅವನ ಮೂಲೆಯಲ್ಲಿ ಎಡ್ಡಿ ಫಚ್ ಮತ್ತು 82 ವರ್ಷದ ರೇ ಆರ್ಸೆಲ್ ಎಂಬ ಇಬ್ಬರು ಹಳೆಯ ಗುರುಗಳಿದ್ದರು. ಹದಿಮೂರನೇ ಸುತ್ತಿನಲ್ಲಿ ಕೂನಿಯ ತರಬೇತುದಾರನೇ ರಿಂಗಿಗೆ ನುಗ್ಗಿ ತನ್ನ ಹುಡುಗನನ್ನು ತಬ್ಬಿಕೊಂಡ. ಹೋಮ್ಸ್ ಮತ್ತು ಕೂನಿ ಆಮೇಲೆ ಗೆಳೆಯರಾದರು, ಆ ಗೆಳೆತನ ದಶಕಗಳ ಕಾಲ ಉಳಿಯಿತು. ಇಬ್ಬರ ನಡುವೆ ಇಲ್ಲದ ದ್ವೇಷವನ್ನು ಪಂದ್ಯ ಮಾರುವವರು ಹುಟ್ಟಿಸಿದ್ದರು, ಕೊಳ್ಳುವವರು ಕೊಂಡಿದ್ದರು.

ಅದೇ ವರ್ಷದ ನವೆಂಬರ್ ಬಾಕ್ಸಿಂಗ್‌ಗೆ ಕರಾಳ ತಿಂಗಳು. 13ರಂದು ರೇ ಮಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನವರೆಗೆ ಹೋರಾಡಿದ ಕೊರಿಯದ ಡುಕ್ ಕೂ ಕಿಮ್ ಮೆದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಸಾವಿನಿಂದಾಗಿ ಡಬ್ಲ್ಯುಬಿಸಿ ಮುಂದೆ ಪಟ್ಟದ ಪಂದ್ಯಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಿತು. 26ರಂದು ಹ್ಯೂಸ್ಟನ್‌ನಲ್ಲಿ ಹೋಮ್ಸ್ ಎದುರು ರ‍್ಯಾಂಡಲ್ ಕಾಬ್ ಹದಿನೈದು ಸುತ್ತು ಏಟು ತಿಂದ. ಪಂದ್ಯ ನಿಲ್ಲಿಸದ ರೆಫರಿಯ ಮೇಲೆ ಸಿಟ್ಟಾಗಿ ಪ್ರಸಿದ್ಧ ವೀಕ್ಷಕ ವಿವರಣೆಕಾರ ಹೊವಾರ್ಡ್ ಕೊಸೆಲ್ ವೃತ್ತಿಪರ ಬಾಕ್ಸಿಂಗ್‌ಗೇ ವಿದಾಯ ಹೇಳಿದ. ಕಾಬ್‌ನ ಸಹನೆಯನ್ನು ಹೊಗಳಿದ ಜನ, ಆ ಸಹನೆ ಯಾಕೆ ಬೇಕಾಯಿತು ಎಂದು ಕೇಳಲಿಲ್ಲ. ಮರುವರ್ಷ ಜೋ ಫ್ರೇಜರ್‌ನ ಮಗ, ಬರೀ ಹತ್ತು ವೃತ್ತಿಪರ ಪಂದ್ಯಗಳ ಅನುಭವದ ಮಾರ್ವಿಸ್ ಎದುರಾದಾಗ ಹೋಮ್ಸ್ ಮೊದಲ ಸುತ್ತಿನಲ್ಲೇ ಅವನನ್ನು ಹಗ್ಗಕ್ಕೆ ಒತ್ತಿದ. ಒಂದು ಕೈಯಲ್ಲಿ ಹೊಡೆಯುತ್ತ ಇನ್ನೊಂದು ಕೈಯಿಂದ ಪಂದ್ಯ ನಿಲ್ಲಿಸುವಂತೆ ರೆಫರಿಗೆ ಸನ್ನೆ ಮಾಡಿದ. ತನ್ನ ಗುದ್ದಿನ ಬಲವನ್ನು ಬಲ್ಲ ಕಸುಬುದಾರನಿಗೆ ಮಾತ್ರ ಸಾಧ್ಯವಾಗುವ ಕರುಣೆ ಅದು. ಬಾಕ್ಸಿಂಗ್‌ನಲ್ಲಿ ಇನ್ನು ಸಾಕು ಎನ್ನುವ ಹಕ್ಕು ಡಂಡಿಯಂಥ ತರಬೇತುದಾರನಿಗೆ, ರೆಫರಿಗೆ, ವೈದ್ಯನಿಗೆ ಇದೆ. ಎದುರಾಳಿಯೇ ಅದನ್ನು ಹೇಳಬೇಕಾಗಿ ಬಂದರೆ ಉಳಿದವರೆಲ್ಲ ತಮ್ಮ ಕೆಲಸ ಮಾಡಿಲ್ಲ ಎಂದೇ ಅರ್ಥ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಹೋಮ್ಸ್ ಕಾಲದಲ್ಲಿ ಗಟ್ಟಿ ಎದುರಾಳಿಗಳೇ ಇರಲಿಲ್ಲ, ಅಲಿಗೆ ಫ್ರೇಜರ್ ಇದ್ದ, ಫೋರ್‌ಮನ್ ಇದ್ದ; ಹೋಮ್ಸ್‌ಗೆ ಯಾರಿದ್ದರು? ಕೊನೆಯ ವರ್ಷಗಳಲ್ಲಿ ಅವನು ಸುಲಭದ ಸವಾಲುಗಾರರನ್ನೇ ಆರಿಸಿಕೊಂಡ ಎಂಬ ಟೀಕೆಯಲ್ಲಿ ಸತ್ಯವಿದೆ. ಡಬ್ಲ್ಯುಬಿಸಿ ಪಟ್ಟ ಬಿಟ್ಟುಕೊಟ್ಟು ಆಗ ತಾನೇ ಹುಟ್ಟಿದ್ದ ಐಬಿಎಫ್ ಎಂಬ ಇನ್ನೊಂದು ಸಂಸ್ಥೆಯ ಚಾಂಪಿಯನ್ ಆಗಿ ಮುಂದುವರಿದ. ಆದರೆ ಅವನು ಸೋಲಿಸಿದವರ ಪಟ್ಟಿಯನ್ನು ತಾಳ್ಮೆಯಿಂದ ನೋಡಬೇಕು. ಮೈಕ್ ವೀವರ್, ಟ್ರೆವರ್ ಬರ್ಬಿಕ್, ಟಿಮ್ ವಿದರ್‌ಸ್ಪೂನ್, ಜೇಮ್ಸ್ ಸ್ಮಿತ್ ಈ ನಾಲ್ವರೂ ಹೋಮ್ಸ್ ಎದುರು ಸೋತ ನಂತರ ಬೇರೆ ಬೇರೆ ಸಂಸ್ಥೆಗಳ ವಿಶ್ವ ಚಾಂಪಿಯನ್‌ಗಳಾದವರು. ಅವರು ದುರ್ಬಲರಾಗಿ ಕಂಡದ್ದು ಅವರ ಎದುರು ಹೋಮ್ಸ್ ಇದ್ದುದರಿಂದ. ಅವರ ಸುತ್ತಲೂ ಕಥೆಗಳಿರಲಿಲ್ಲ ಎಂಬುದಷ್ಟೇ ಅವರ ಕೊರತೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಥೆ ಇಲ್ಲದೆ ಕ್ರೀಡೆಯೇ ಇಲ್ಲ. ಅಲಿ ಬರೀ ಬಾಕ್ಸರ್ ಆಗಿದ್ದರೆ ವಿಯೆಟ್ನಾಂ ಯುದ್ಧವನ್ನು ಧಿಕ್ಕರಿಸಿ ಮೂರೂವರೆ ವರ್ಷ ರಿಂಗಿನಿಂದ ದೂರ ಉಳಿದ ಅವನ ನಿಲುವಿಗೆ ಅಷ್ಟು ಬಲ ಬರುತ್ತಿತ್ತೆ? ಜನರ ಮನಸ್ಸು ಮುಟ್ಟುವುದೂ ಒಂದು ದೊಡ್ಡತನವಲ್ಲವೆ? ಖಂಡಿತ ದೊಡ್ಡತನವೇ. ಅಲಿಯ ದೊಡ್ಡತನವನ್ನು ಕುಗ್ಗಿಸಿ ಹೋಮ್ಸ್‌ನನ್ನು ಎತ್ತಬೇಕಾಗಿಲ್ಲ. ಆದರೆ ಅಲಿ ಸರ್ಕಾರಕ್ಕೆ ಎದುರು ನಿಂತಾಗ ಆ ಕಥೆಯನ್ನು ಬರೆದವನು ಅವನೇ. ಬೆಲೆಯನ್ನು ತಿಳಿದೇ ತೆತ್ತ. 1980ರಲ್ಲಿ ಕಥೆಯನ್ನು ಬೇರೆಯವರು ಬರೆದರು, ಅಲಿ ಅದರೊಳಗೆ ಸಿಲುಕಿದ. ಮನುಷ್ಯ ತನ್ನ ಕಥೆಯನ್ನು ನಡೆಸುವುದು ಒಂದು, ಕಥೆ ಮನುಷ್ಯನನ್ನು ನಡೆಸುವುದು ಇನ್ನೊಂದು. ಎರಡನೆಯದಕ್ಕೆ ಚಪ್ಪಾಳೆ ತಟ್ಟುವಾಗ ನಾವು ಯೋಚಿಸಬೇಕು.

ಹೋಮ್ಸ್ ಕೂಡ ಈ ಸೆಳೆತದಿಂದ ತಪ್ಪಿಸಿಕೊಳ್ಳಲಿಲ್ಲ ಎಂಬುದನ್ನು ಮುಚ್ಚಿಟ್ಟರೆ ವಾದ ಪ್ರಾಮಾಣಿಕವಾಗುವುದಿಲ್ಲ. 1985ರ ವೇಳೆಗೆ ಅವನ ದಾಖಲೆ 48 ಪಂದ್ಯ, 48 ಗೆಲುವು. ರಾಕಿ ಮಾರ್ಸಿಯಾನೊ 49 ಗೆಲುವುಗಳೊಂದಿಗೆ ಅಜೇಯನಾಗಿ ನಿವೃತ್ತನಾಗಿದ್ದ. ಒಂದು ಗೆಲುವು ಸಾಕು, ಅವನ ಸಮಕ್ಕೆ ನಿಲ್ಲಬಹುದು. ಪಂದ್ಯವನ್ನು ಸೆಪ್ಟೆಂಬರ್ 21ಕ್ಕೆ ಇಟ್ಟರು. ಮಾರ್ಸಿಯಾನೊ ತನ್ನ ಕೊನೆಯ ಪಂದ್ಯ ಆಡಿ ಅಂದಿಗೆ ಸರಿಯಾಗಿ ಮೂವತ್ತು ವರ್ಷ. ಎದುರಾಳಿ ಲಿಯಾನ್‌ನ ತಮ್ಮ ಮೈಕಲ್ ಸ್ಪಿಂಕ್ಸ್, ಕೆಳಗಿನ ತೂಕದಿಂದ ಬಂದವನು. ಲೈಟ್ ಹೆವಿವೇಟ್ ಚಾಂಪಿಯನ್ ಒಬ್ಬ ಹೆವಿವೇಟ್ ಪಟ್ಟ ಗೆದ್ದದ್ದು ಅದಕ್ಕೂ ಮುಂಚೆ ನಡೆದಿರಲಿಲ್ಲ. ಸ್ಪಿಂಕ್ಸ್ ಗೆದ್ದ. ಅಂದಿನ ಪತ್ರಿಕಾಗೋಷ್ಠಿಯಲ್ಲಿ ಹೋಮ್ಸ್ ತೀರಿಹೋದ ಮಾರ್ಸಿಯಾನೊ ಬಗ್ಗೆ ಕೀಳಾಗಿ ಮಾತಾಡಿದ. ಮುಂದೆ ಕ್ಷಮೆ ಕೇಳಿದರೂ ಆ ಮಾತು ಅವನನ್ನು ಬಿಡಲಿಲ್ಲ. ಏಳು ವರ್ಷದ ಕಸುಬನ್ನು ನೆನಪಿಡದ ಜನ ಒಂದು ಸಂಜೆಯ ಕಹಿಯನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡರು. ಆ ಕಹಿ ಸರಿಯಲ್ಲ. ಆದರೆ ಅದು ಎಲ್ಲಿಂದ ಬಂತು ಎಂದು ತಿಳಿಯುವುದು ಕಷ್ಟವಲ್ಲ.

1988ರ ಜನವರಿ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಅವನು 21 ವರ್ಷದ ಟೈಸನ್ ಎದುರು ನಿಂತ. ಸುಮಾರು ಎರಡು ವರ್ಷ ರಿಂಗಿನಿಂದ ದೂರವಿದ್ದು ಮರಳಿ ಬಂದಿದ್ದ ಹೋಮ್ಸ್‌ಗೆ ಆಗ 38 ವರ್ಷ. ತನ್ನೆದುರು ನಿಂತಾಗ ಅಲಿಗಿದ್ದ ವಯಸ್ಸೇ ಈಗ ಅವನಿಗೆ, ಅಲಿಯಷ್ಟೇ ಬಿಡುವು, ಅದೇ ಪ್ರಮೋಟರ್. ರಿಂಗಿನ ಪಕ್ಕದಲ್ಲಿ ಅಲಿಯೂ ಇದ್ದ. ನಾಲ್ಕನೇ ಸುತ್ತಿನಲ್ಲಿ ಹೋಮ್ಸ್ ಮೂರು ಬಾರಿ ನೆಲಕ್ಕೆ ಬಿದ್ದ, ಪಂದ್ಯ ಮುಗಿಯಿತು. 75 ಪಂದ್ಯಗಳ ವೃತ್ತಿಜೀವನದಲ್ಲಿ ಅವಧಿಗೆ ಮುಂಚೆ ಸೋತದ್ದು ಅವನಿಗೂ ಅದೊಂದೇ ಸಲ. 1980ರಲ್ಲಿ ನಡೆದದ್ದನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವನೇ ಎಂಟು ವರ್ಷದ ನಂತರ ಅದೇ ತಪ್ಪಿಗೆ ಸಹಿ ಹಾಕಿದ್ದ. ಆದ್ದರಿಂದ ನಿಲ್ಲಿಸುವ ತೀರ್ಮಾನವನ್ನು ಬಾಕ್ಸರ್‌ನ ವಿವೇಕಕ್ಕೆ ಬಿಟ್ಟರೆ ಸಾಕು ಎನ್ನುವವರನ್ನು ನಾನು ಒಪ್ಪಲಾರೆ. ಬಿದ್ದರೂ ಏಳುವ ಹಟದಿಂದಲೇ ಚಾಂಪಿಯನ್ ಆದವನಿಗೆ ಏಳದಿರುವ ವಿವೇಕ ಇರಲಿ ಎಂದು ಬಯಸುವುದು ಅನ್ಯಾಯ. ಪಚೇಕೊನಂಥ ವೈದ್ಯನ ಮಾತಿಗೆ ಕಾನೂನಿನ ಬಲ ಇರಬೇಕು. ಒಂದು ರಾಜ್ಯ ಬೇಡವೆಂದರೆ ಇನ್ನೊಂದು ದೇಶಕ್ಕೆ ಪಂದ್ಯ ಹೊತ್ತೊಯ್ಯುವ ದಾರಿ ಮುಚ್ಚಬೇಕು.

ಆದರೆ ಒಂದು ವಿಷಯದಲ್ಲಿ ಹೋಮ್ಸ್ ತನ್ನ ಹಿಂದಿನ ಹಲವು ಚಾಂಪಿಯನ್ನರಿಗಿಂತ ಭಿನ್ನ. ಜೋ ಲೂಯಿ ತೆರಿಗೆ ಬಾಕಿಯ ಹೊರೆ ಹೊತ್ತು, ವಯಸ್ಸು ಮೀರಿದ ಮೇಲೂ ರಿಂಗಿಗೆ ಮರಳಿದ. ಕೊನೆಗಾಲದಲ್ಲಿ ಲಾಸ್ ವೇಗಸ್‌ನ ಜೂಜುಕಟ್ಟೆಯಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸ ಮಾಡಿದ. ಕಾರು ತೊಳೆದ ದಿನಗಳನ್ನು ಮರೆಯದ ಹೋಮ್ಸ್ ಗಳಿಸಿದ ಹಣವನ್ನು ಈಸ್ಟನ್‌ನಲ್ಲೇ ಕಟ್ಟಡ, ಕಚೇರಿ, ವ್ಯಾಪಾರಗಳಲ್ಲಿ ತೊಡಗಿಸಿದ. ಟೈಸನ್ ಎದುರು ಸೋತ ಮೂರು ವರ್ಷದ ನಂತರ ಅವನು ಮತ್ತೆ ಮರಳಿದಾಗ ಸಾಲಗಾರರು ಅವನ ಬಾಗಿಲಲ್ಲಿ ಇರಲಿಲ್ಲ. 1992ರ ಫೆಬ್ರುವರಿಯಲ್ಲಿ, 42ರ ವಯಸ್ಸಿನಲ್ಲಿ, ಸೋಲನ್ನೇ ಕಾಣದಿದ್ದ ರೇ ಮರ್ಸರ್‌ನನ್ನು ಅವನು ಸೋಲಿಸಿದ. ಮರ್ಸರ್ 1988ರ ಸೋಲ್ ಒಲಿಂಪಿಕ್ಸ್‌ನ ಚಿನ್ನದ ಪದಕದವನು. ಕಾಲಿನ ವೇಗ ಹೋಗಿತ್ತು. ಹೋಮ್ಸ್ ಮೂಲೆಗೆ ಬೆನ್ನು ಕೊಟ್ಟು ನಿಂತು, ಎದುರಾಳಿಯ ಏಟುಗಳನ್ನು ತೋಳು ಭುಜಗಳಲ್ಲಿ ಹಿಡಿದು, ಸಂದು ಕಂಡಾಗಲೆಲ್ಲ ಎಡಗೈ ಚಾಚಿದ. ದೇಹ ಬಿಟ್ಟುಹೋದ ಮೇಲೂ ವಿದ್ಯೆ ಉಳಿದಿತ್ತು. ಆ ವಿದ್ಯೆಯೂ ಅವನನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಲ ಅಲ್ಲೇ ಹಿಡಿದಿಟ್ಟಿತು. ಅವನು ಕೊನೆಯ ಪಂದ್ಯ ಆಡಿದ್ದು 2002ರಲ್ಲಿ, 52ನೇ ವಯಸ್ಸಿನಲ್ಲಿ. 69 ಗೆಲುವು, 6 ಸೋಲು. ಇದನ್ನು ಮಾದರಿ ಎಂದು ಯಾರಿಗೂ ಹೇಳಲಾರೆ. ಆದರೆ ಅವನ ಆ ವರ್ಷಗಳಲ್ಲಿ ಬಡತನದ ಒತ್ತಾಯ ಇರಲಿಲ್ಲ ಎಂಬುದು ಸಣ್ಣ ಮಾತಲ್ಲ.

2008ರಲ್ಲಿ ಅವನ ಹೆಸರು ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಸೇರಿತು. ಈಸ್ಟನ್‌ನಲ್ಲಿ ಡೆಲಾವೇರ್ ನದಿಯ ಬದಿಯ ರಸ್ತೆಗೆ ಅವನ ಹೆಸರಿಟ್ಟಿದ್ದಾರೆ; 2015ರ ಡಿಸೆಂಬರ್‌ನಲ್ಲಿ ಅಲ್ಲೇ ಅವನ ಕಂಚಿನ ಪ್ರತಿಮೆಯೂ ನಿಂತಿತು. ಊರು ಅವನನ್ನು ಗುರುತಿಸಿತು. ಜಗತ್ತು ಗುರುತಿಸಬೇಕಾದ್ದು ಅವನೊಬ್ಬನನ್ನೇ ಅಲ್ಲ, ಅವನನ್ನು ನೋಡುವ ಬಗೆಯನ್ನು. ಚಾಂಪಿಯನ್‌ನ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆಗಳು ಬದಲಾಗಬೇಕು. ಅವನು ಎಷ್ಟು ಬಾರಿ ನಮ್ಮ ಮೈ ನವಿರೇಳಿಸಿದ ಎನ್ನುವುದರ ಜೊತೆಗೆ, ತನ್ನ ಕಸುಬನ್ನು ಎಷ್ಟು ಆಳಕ್ಕೆ ಕಲಿತ, ಸೋಲುತ್ತಿದ್ದವನನ್ನು ಹೇಗೆ ನಡೆಸಿಕೊಂಡ, ಎಲ್ಲ ಮುಗಿದ ಮೇಲೆ ಮಾತು ತೊದಲದೆ, ಕೈ ನಡುಗದೆ, ಸ್ವಂತ ಮನೆಯಲ್ಲಿ ಬದುಕಲು ಅವನಿಗೆ ಸಾಧ್ಯವಾಯಿತೇ ಎಂದೂ ಕೇಳಬೇಕು. ಈ ಪ್ರಶ್ನೆಗಳನ್ನು ಕೇಳುವ ಪ್ರೇಕ್ಷಕರು ಹೆಚ್ಚಾದರೆ, ಮುಂದಿನ ಅಲಿಯ ಕೊನೆಯ ಪಂದ್ಯಕ್ಕೆ ಟಿಕೆಟ್ ಮಾರುವುದು ಅಷ್ಟು ಸುಲಭವಾಗುವುದಿಲ್ಲ.